ಮೊಳಕೆ ಮತ್ತು ಅಳತೆಗೋಲು

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಮ್ಮ ಹಿರಿಯರು ಹೊಲದ ಬದುವಿನ ಮೇಲೆ ನಿಂತು, ಎಳೆಯ ಪೈರನ್ನು ಕಣ್ತುಂಬ ನೋಡಿ ಹೇಳಿದ್ದಿರಬೇಕು. ಆದರೆ ಬೇಸಾಯಗಾರನಾದವನು ಆ ಮಾತನ್ನು ಹೇಳಿ ಮನೆಗೆ ಹೋಗಿ ಮಲಗುವುದಿಲ್ಲ. ಮೊಳಕೆ ಹುಲುಸಾಗಿದ್ದರೂ ಕಳೆ ಕೀಳುತ್ತಾನೆ. ಬಡವಾಗಿದ್ದರೆ ಇನ್ನೊಂದು ಮಂಕರಿ ಗೊಬ್ಬರ ಚೆಲ್ಲುತ್ತಾನೆ. ಎರಡಕ್ಕೂ ಒಂದೇ ಮಳೆಯನ್ನು ಕಾಯುತ್ತಾನೆ. ಮೊಳಕೆಗಳನ್ನು ಅಳತೆಗೋಲಿನಿಂದ ಅಳೆದು, ಇದಕ್ಕೆ ನೀರುಂಟು, ಇದಕ್ಕಿಲ್ಲ ಎಂದು ತೀರ್ಪು ಕೊಡುವ ರೈತನನ್ನು ನಾನು ಈವರೆಗೆ ಕಂಡಿಲ್ಲ. ಅಂಥ ತೀರ್ಪು ಕೊಡುವ ಕೆಲಸವನ್ನು ವಿದ್ಯಾವಂತರಾದ ನಾವು ಮಕ್ಕಳ ವಿಷಯದಲ್ಲಿ ನಿಃಸಂಕೋಚವಾಗಿ ಮಾಡುತ್ತ ಬಂದಿದ್ದೇವೆ.

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಬೆಳಗ್ಗೆ, ಬಾಲ್ಯದ ಗೆಳೆಯನೊಬ್ಬನ ಜೊತೆಯಲ್ಲಿ, ತಾಲ್ಲೂಕು ಕೇಂದ್ರದ ಒಂದು ಪ್ರೌಢಶಾಲೆಯ ಮುಂದೆ ನಿಂತಿದ್ದೆ. ಐದನೆಯ ತರಗತಿಯಲ್ಲಿ ಓದುತ್ತಿದ್ದ ಅವನ ಮಗಳು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಬಂದಿದ್ದಳು. ಗೇಟಿನ ಹೊರಗೆ ನೂರಾರು ಜನ ತಂದೆತಾಯಿಗಳು. ಮೊದಲ ಬಸ್ಸಿಗೆ ಬಂದವರು, ಒಂದೇ ಬೈಕಿನ ಮೇಲೆ ಮೂವರು ಕುಳಿತು ಬಂದವರು, ದಿನದ ಕೂಲಿಯನ್ನು ಬಿಟ್ಟು ಬಂದವರು. ಮಕ್ಕಳ ಕೈಯಲ್ಲಿ ರಟ್ಟು, ಪೆನ್ನು, ಹಾಲ್ ಟಿಕೆಟ್ಟು. ಒಬ್ಬ ತಾಯಿ ಮಗನ ಕ್ರಾಪನ್ನು ಮತ್ತೆ ಮತ್ತೆ ಸರಿಪಡಿಸುತ್ತಿದ್ದಳು. ಒಬ್ಬ ತಂದೆ ಕೊನೆಯ ಗಳಿಗೆಯಲ್ಲಿ ಹದಿನೇಳರ ಮಗ್ಗಿಯನ್ನು ಹೇಳಿಸುತ್ತಿದ್ದ. ಗಂಟೆ ಬಾರಿಸಿತು, ಗೇಟು ಮುಚ್ಚಿತು. ಆಮೇಲೆ ಅಲ್ಲಿ ಕವಿದ ಮೌನ ಆಸ್ಪತ್ರೆಯ ಹೊರಗೆ ಕಾಯುವವರ ಮೌನದಂತೆ ಇದ್ದಿತು. ಒಳಗೆ ಕುಳಿತಿದ್ದ ಮಕ್ಕಳ ವಯಸ್ಸು ಹತ್ತು, ಹೆಚ್ಚೆಂದರೆ ಹನ್ನೆರಡು.

ಆ ಮಕ್ಕಳಿಗೆ ನಾವು ಒಡ್ಡಿದ ಪ್ರಶ್ನೆಗಳನ್ನು ಪತ್ರಿಕೆಗಳು ಮರುದಿನ ಅಚ್ಚು ಮಾಡಬಹುದು. ಆ ಮಕ್ಕಳು ನಮಗೆ ಒಡ್ಡುವ ಪ್ರಶ್ನೆಯನ್ನು ಯಾರೂ ಅಚ್ಚು ಮಾಡುವುದಿಲ್ಲ. ಒಳ್ಳೆಯ ಶಾಲೆಗಳು ಕೆಲವೇ, ಬಯಸುವವರು ಬಹಳ. ಹೀಗಿರುವಾಗ ಇರುವ ಸ್ಥಾನಗಳನ್ನು ಯಾರಿಗೆ, ಯಾವ ನ್ಯಾಯದಿಂದ ಹಂಚಬೇಕು? ಇದೇ ಆ ಪ್ರಶ್ನೆ.

ಹಂಚುವ ದಾರಿಗಳು ಲೋಕದಲ್ಲಿ ಬಹಳ ಇಲ್ಲ. ಪರೀಕ್ಷೆ ಮಾಡಿ ಮೇಲಿನವರನ್ನು ಆರಿಸಿಕೊಳ್ಳಬಹುದು. ಮನೆಯ ಸಾಮೀಪ್ಯವನ್ನು ನೋಡಬಹುದು. ಚೀಟಿ ಎತ್ತಬಹುದು. ಹಣವಂತರಿಗೂ ಶಿಫಾರಸುಳ್ಳವರಿಗೂ ಕೊಡುವುದು ನಾಲ್ಕನೆಯ ದಾರಿ. ಅದನ್ನು ಯಾವ ನಿಯಮಾವಳಿಯಲ್ಲಿಯೂ ಬರೆದಿಲ್ಲ, ಅಷ್ಟೆ. ನಮ್ಮ ದೇಶದಲ್ಲಿ ಈ ನಾಲ್ಕೂ ಒಟ್ಟಿಗೆ ನಡೆಯುತ್ತಿವೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಪ್ರವೇಶದ ಸಮಯದಲ್ಲಿ ಮಗುವನ್ನಾಗಲಿ, ಅದರ ತಂದೆತಾಯಿಗಳನ್ನಾಗಲಿ ಜರಡಿ ಹಿಡಿಯಕೂಡದೆಂದು ಅದರ 13ನೆಯ ಕಲಮು ಹೇಳುತ್ತದೆ; ಮೀರಿದ ಶಾಲೆಗೆ ಮೊದಲ ಸಲ 25,000 ರೂಪಾಯಿಯವರೆಗೆ ದಂಡ. ಖಾಸಗಿ ಶಾಲೆಗಳ ಮೊದಲ ತರಗತಿಯಲ್ಲಿ ದುರ್ಬಲ ವರ್ಗದವರಿಗೆ ಮೀಸಲಾದ ನಾಲ್ಕನೆಯ ಒಂದು ಪಾಲು ಸ್ಥಾನಗಳನ್ನು ನಮ್ಮ ರಾಜ್ಯದಲ್ಲಿ ಹಂಚಿದುದು ಸಾಮೀಪ್ಯ, ಚೀಟಿ ಎರಡನ್ನೂ ಕೂಡಿಸಿಯೇ. ಆರು ವರ್ಷದ ಮಗುವನ್ನು ಜರಡಿ ಹಿಡಿಯುವುದು ತಪ್ಪೆಂದು ಹೇಳಿದ ಸರ್ಕಾರಗಳು ಹತ್ತು ವರ್ಷದ ಮಗುವಿಗೆ ತಾವೇ ಜರಡಿ ಹಿಡಿದು ನಿಂತಿರುವುದು ಮಾತ್ರ ವಿಚಿತ್ರವಾಗಿದೆ.

ನವೋದಯ ವಿದ್ಯಾಲಯಗಳನ್ನೇ ನೋಡೋಣ. 1985-86ರಲ್ಲಿ ಹರಿಯಾಣದ ಝಜ್ಜರ್, ಮಹಾರಾಷ್ಟ್ರದ ಅಮರಾವತಿ, ಈ ಎರಡು ಕಡೆ ತೊಡಗಿದ ಆ ಶಾಲೆಗಳು ಇಂದು ದೇಶದಲ್ಲಿ 650ಕ್ಕೂ ಹೆಚ್ಚಾಗಿವೆ. ಊಟ, ವಸತಿ, ಪುಸ್ತಕ, ಒಳ್ಳೆಯ ಉಪಾಧ್ಯಾಯರು, ಎಲ್ಲವೂ ಉಂಟು. ಸ್ಥಾನಗಳಲ್ಲಿ ನೂರಕ್ಕೆ 75ಕ್ಕೆ ಕಡಮೆಯಿಲ್ಲದಂತೆ ಹಳ್ಳಿಯ ಮಕ್ಕಳಿಗೆ, ಮೂರನೆಯ ಒಂದು ಪಾಲಾದರೂ ಹೆಣ್ಣುಮಕ್ಕಳಿಗೆ. ಇದಕ್ಕಿಂತ ಉದಾರವಾದ ಕಲ್ಪನೆ ಯಾವುದಿದೆ? ಆದರೆ ಒಂದು ಶಾಲೆಯ ಆರನೆಯ ತರಗತಿಗೆ ಸೇರಿಸಿಕೊಳ್ಳುವುದು ಹೆಚ್ಚೆಂದರೆ 80 ಮಕ್ಕಳನ್ನು. ಅದಕ್ಕಾಗಿ ಒಂದೊಂದು ಜಿಲ್ಲೆಯಲ್ಲಿಯೂ ಸಾವಿರಾರು ಮಕ್ಕಳು ಕುಳಿತು, ಎರಡು ಗಂಟೆಗಳಲ್ಲಿ 80 ಪ್ರಶ್ನೆಗಳಿಗೆ ಉತ್ತರ ಗುರುತಿಸಬೇಕು. ಪ್ರಶ್ನೆಯೊಂದಕ್ಕೆ ಒಂದೂವರೆ ನಿಮಿಷ, ಅಂಕ ಒಂದೂಕಾಲು. ಒಮ್ಮೆ ಕುಳಿತವರು ಮತ್ತೆ ಕೂಡುವಂತಿಲ್ಲ. ನಮ್ಮ ರಾಜ್ಯ ಸರ್ಕಾರವು ನಡೆಸುವ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಮೊದಲಾದ ಹೆಸರುಗಳ ವಸತಿ ಶಾಲೆಗಳ ಬಾಗಿಲಲ್ಲಿಯೂ ಆರನೆಯ ತರಗತಿಗೆ ಇಂಥದೇ ಒಂದು ಪರೀಕ್ಷೆ ಕಾದಿರುತ್ತದೆ. ಎರಡಕ್ಕೂ ಅಣಿಮಾಡಿಸುವ ಟ್ಯೂಷನ್ ಮನೆಗಳು ಸಣ್ಣ ಊರುಗಳಲ್ಲಿಯೂ ಬೋರ್ಡು ಹಾಕಿಕೊಂಡಿರುವುದನ್ನು ಓದುಗರು ಕಂಡಿರಬಹುದು.

ಪರೀಕ್ಷೆಯನ್ನು ಹಳಿಯುವುದು ಸುಲಭ. ಹಳಿಯುವ ಮೊದಲು ಅದಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಬೇಕು. ಏಕಲವ್ಯನ ಕಥೆಯನ್ನು ನೆನೆಯಿರಿ. ಮರದ ಮೇಲಿನ ಹಕ್ಕಿಯ ಕಣ್ಣು ಕಾಣುತ್ತದೆಯೇ ಎಂದು ದ್ರೋಣರು ಪರೀಕ್ಷಿಸಿದುದು ಆಗಲೇ ಒಳಗಿದ್ದ ಅರಸುಮಕ್ಕಳನ್ನು. ಹೊರಗಿನಿಂದ ಬಂದ ಬೇಡರ ಹುಡುಗನಿಗೆ ಅವರು ಪರೀಕ್ಷೆಯನ್ನೇ ಕೊಡಲಿಲ್ಲ; ಕುಲವನ್ನು ಕೇಳಿ ಕಳುಹಿಸಿಬಿಟ್ಟರು. ಒಂದು ಪ್ರಶ್ನೆಪತ್ರಿಕೆ ಇದ್ದಿದ್ದರೆ ಏಕಲವ್ಯನು ಗೆಲ್ಲುತ್ತಿದ್ದ. ಜಾತಿ ಕೇಳುತ್ತಿದ್ದ ಬಾಗಿಲಲ್ಲಿ, ಅಮಲ್ದಾರರ ಚೀಟಿ ಕೇಳುತ್ತಿದ್ದ ಬಾಗಿಲಲ್ಲಿ, ಹೆಸರಿನ ಬದಲು ಬರಿಯ ನಂಬರನ್ನು ಕೇಳುವ ಪರೀಕ್ಷೆ ಬಂದು ನಿಂತುದು ಸಾಮಾನ್ಯವಾದ ಉಪಕಾರವಲ್ಲ. ನಮ್ಮ ನಾಡಿನ ಎಷ್ಟೋ ಬಡ ಮನೆಗಳ ಹೊಸ್ತಿಲನ್ನು ವಿದ್ಯೆ ದಾಟಿ ಬಂದುದು ಈ ನಂಬರಿನ ಕೈ ಹಿಡಿದುಕೊಂಡೇ.

ಈ ವಿಷಯದಲ್ಲಿ ನಾನೂ ತಟಸ್ಥನಲ್ಲ. ಮೂವತ್ತು ವರ್ಷಗಳಿಗೂ ಹಿಂದೆ, ಬಯಲುಸೀಮೆಯ ಒಂದು ಹಳ್ಳಿಯಿಂದ ಇಬ್ಬರು ಹುಡುಗರು ಇಂಥದೇ ಒಂದು ಪರೀಕ್ಷೆಗೆ ಕುಳಿತೆವು. ಒಬ್ಬ ನಾನು, ಇನ್ನೊಬ್ಬ, ಆ ಭಾನುವಾರ ನನ್ನ ಪಕ್ಕದಲ್ಲಿ ನಿಂತಿದ್ದ ಗೆಳೆಯ. ಲೆಕ್ಕದಲ್ಲಿ ಅವನು ನನಗಿಂತ ಚುರುಕು. ಬಾಯಿಲೆಕ್ಕವನ್ನು ನಾನು ಬೆರಳು ಮಡಿಸುವಷ್ಟರಲ್ಲಿ ಹೇಳಿಬಿಡುತ್ತಿದ್ದ. ಕೆಟ್ಟ ರೇಡಿಯೋವನ್ನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದ. ನನ್ನ ತಂದೆ ಶಾಲೆಯ ಮೇಷ್ಟ್ರು. ಮನೆಯಲ್ಲಿ ದಿನಪತ್ರಿಕೆ ಬರುತ್ತಿತ್ತು, ಹಳೆಯ ಪ್ರಶ್ನೆಪತ್ರಿಕೆಗಳೂ ಸಿಕ್ಕಿದ್ದುವು. ಪರೀಕ್ಷೆಗೆ ಎರಡು ತಿಂಗಳ ಮುಂಚಿನಿಂದ ಗಡಿಯಾರವನ್ನು ಮುಂದಿಟ್ಟುಕೊಂಡು ಉತ್ತರ ಬರೆಯುವುದನ್ನು ನನಗೆ ಅಭ್ಯಾಸ ಮಾಡಿಸಿದರು. ಗೆಳೆಯನ ಮನೆಯಲ್ಲಿ ಓದು ಬಲ್ಲವರು ಯಾರೂ ಇರಲಿಲ್ಲ; ಪರೀಕ್ಷೆಯ ಹಿಂದಿನ ದಿನವೂ ಅವನು ಹೊಲದಲ್ಲಿದ್ದ. ನನ್ನ ಹೆಸರು ಪಟ್ಟಿಯಲ್ಲಿ ಬಂದಿತು, ಅವನದು ಬರಲಿಲ್ಲ. ನಾನು ವಸತಿ ಶಾಲೆಗೆ ಹೋದೆ. ಅಲ್ಲಿಂದ ಕಾಲೇಜಿಗೆ, ವಿಶ್ವವಿದ್ಯಾನಿಲಯಕ್ಕೆ. ಅವನು ಊರಿನ ಶಾಲೆಯಲ್ಲಿ ಉಳಿದ. ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ನಪಾಸಾದ. ಇಂದು ಪಂಪ್‌ಸೆಟ್ಟುಗಳ ಮೋಟಾರು ರಿಪೇರಿ ಮಾಡುತ್ತಾನೆ. ಸುತ್ತಿನ ಹತ್ತು ಹಳ್ಳಿಗಳಲ್ಲಿ ಅವನಂಥ ಕೈ ಇನ್ನೊಂದಿಲ್ಲ.

ಇಲ್ಲಿ ಒಂದು ಮಾತನ್ನು ನನ್ನ ಕಸುಬಿನ ಕಡೆಯಿಂದ ಹೇಳಬೇಕು. ನಮ್ಮ ಆಲಂಕಾರಿಕರು ಕಾವ್ಯಕ್ಕೆ ಮೂರು ಕಾರಣಗಳನ್ನು ಹೇಳುತ್ತಾರೆ: ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ. ಪ್ರತಿಭೆ ಎಂದರೆ ಹೊಸದನ್ನು ಕಾಣುವ ಹುಟ್ಟುಶಕ್ತಿ. ವ್ಯುತ್ಪತ್ತಿ ಎಂದರೆ ಲೋಕದಿಂದಲೂ ಶಾಸ್ತ್ರದಿಂದಲೂ ಪಡೆದ ತಿಳಿವು. ಅಭ್ಯಾಸ ಎಂದರೆ ಬಲ್ಲವರ ಬಳಿಯಲ್ಲಿ ಮಾಡಿದ ಸಾಧನೆ. ತರಗತಿಯಲ್ಲಿ ಈ ಪಾಠವನ್ನು ಹೇಳುವಾಗಲೆಲ್ಲ ನನಗೆ ಆ ಪರೀಕ್ಷೆ ನೆನಪಾಗುತ್ತದೆ. ನಾವು 'ಪ್ರತಿಭಾವಂತ ಮಕ್ಕಳ ಆಯ್ಕೆ' ಎನ್ನುತ್ತೇವೆ. ಆದರೆ ಗಡಿಯಾರದ ಮುಂದೆ ಎಂಬತ್ತು ಪ್ರಶ್ನೆಗಳನ್ನು ಬಿಡಿಸುವ ಮಗುವಿನಲ್ಲಿ ನಮಗೆ ಕಾಣುವುದು ಬಹುಮಟ್ಟಿಗೆ ಅಭ್ಯಾಸ, ಅಷ್ಟಿಷ್ಟು ವ್ಯುತ್ಪತ್ತಿ. ಅಭ್ಯಾಸಕ್ಕೆ ಟ್ಯೂಷನ್ನಿನ ಫೀಜು ಬೇಕು. ವ್ಯುತ್ಪತ್ತಿಗೆ ಪುಸ್ತಕವಿರುವ ಮನೆ ಬೇಕು. ರೇಡಿಯೋ ಬಿಚ್ಚುತ್ತಿದ್ದ ಹುಡುಗನ ಪ್ರತಿಭೆಗೆ ಆ ಹಾಳೆಯ ಮೇಲೆ ಗುರುತು ಹಾಕುವ ಜಾಗವೇ ಇರಲಿಲ್ಲ.

ಈ ತೊಡಕು ನಮ್ಮದೊಂದೇ ಅಲ್ಲ. ಇಂಗ್ಲೆಂಡು ಇದನ್ನು ನಮಗಿಂತ ಮುಂಚೆ ಅನುಭವಿಸಿತು. 1944ರ ಶಿಕ್ಷಣ ಕಾಯಿದೆಯು ಅಲ್ಲಿ ಎಲ್ಲ ಮಕ್ಕಳಿಗೂ ಪ್ರೌಢ ಶಿಕ್ಷಣವನ್ನು ಉಚಿತವಾಗಿ ಮಾಡಿತು. ಅದರ ಹಿಂದಿನ ವರ್ಷವೇ ಬಂದಿದ್ದ ನಾರ್ವುಡ್ ವರದಿ, ಮಕ್ಕಳ ಬುದ್ಧಿಯಲ್ಲಿ ಮೂರು ಬಗೆಗಳುಂಟು, ಮೂರಕ್ಕೂ ಮೂರು ತೆರನ ಶಾಲೆಗಳು ಬೇಕು ಎಂದಿದ್ದಿತು. ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಪರೀಕ್ಷೆ. ಗೆದ್ದವರಿಗೆ ಗ್ರಾಮರ್ ಶಾಲೆ. ಉಳಿದ ಬಹುಪಾಲು ಮಕ್ಕಳಿಗೆ 'ಸೆಕೆಂಡರಿ ಮಾಡರ್ನ್' ಎಂಬ ಶಾಲೆ. ಎಲ್ಲ ಶಾಲೆಗಳಿಗೂ ಸಮಾನ ಗೌರವವೆಂದು ಸರ್ಕಾರ ಹೇಳಿತು; ತಂದೆತಾಯಿಗಳು ನಂಬಲಿಲ್ಲ. ಗ್ರಾಮರ್ ಶಾಲೆಯ ಸ್ಥಾನಗಳು ಒಂದು ಪ್ರಾಂತದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಮೆ. ಹುಡುಗಿಯರಿಗೆ ಸ್ಥಾನಗಳು ಕಡಮೆಯಿದ್ದ ಕಡೆ ಅವರು ಹುಡುಗರಿಗಿಂತ ಹೆಚ್ಚು ಅಂಕ ಪಡೆದರೂ ಹೊರಗುಳಿದರು. ಹೀಗೆ ಒಂದೇ ಬುದ್ಧಿಯ ಮಗು ಒಂದು ಊರಿನಲ್ಲಿ ಜಾಣ, ಪಕ್ಕದ ಊರಿನಲ್ಲಿ ದಡ್ಡ. ಅಂಥ ಪರೀಕ್ಷೆಯನ್ನು ಎಷ್ಟೇ ಎಚ್ಚರದಿಂದ ನಡೆಸಿದರೂ ನೂರಕ್ಕೆ ಸುಮಾರು ಹತ್ತು ಮಕ್ಕಳು ತಪ್ಪು ಶಾಲೆಯನ್ನು ಸೇರುತ್ತಾರೆಂದು ಅಲ್ಲಿಯ ಶಿಕ್ಷಣ ಸಂಶೋಧಕರೇ 1957ರಲ್ಲಿ ತೋರಿಸಿದರು. 1965ರಲ್ಲಿ ಸರ್ಕಾರ ತನ್ನ ಸುತ್ತೋಲೆಯೊಂದರಲ್ಲಿ ಈ ಏರ್ಪಾಡನ್ನು ಕೈಬಿಡುವಂತೆ ಸ್ಥಳೀಯ ಆಡಳಿತಗಳನ್ನು ಕೇಳಿಕೊಂಡಿತು. ಸಾವಿರಕ್ಕೂ ಮೇಲಿದ್ದ ಗ್ರಾಮರ್ ಶಾಲೆಗಳಲ್ಲಿ ಇಂಗ್ಲೆಂಡಿನಲ್ಲಿ ಇಂದು ಉಳಿದಿರುವುದು 163.

ಸಾಹಿತ್ಯದ ಓದುಗರಿಗೆ ಈ ಕಥೆಯಲ್ಲಿ ಇನ್ನೊಂದು ಸ್ವಾರಸ್ಯವುಂಟು. 1958ರಲ್ಲಿ ಮೈಕೇಲ್ ಯಂಗ್ ಎಂಬ ಸಮಾಜಶಾಸ್ತ್ರಜ್ಞರು, ಅರ್ಹತೆಯೊಂದರ ಮೇಲೆಯೇ ನಿಂತ ಭಾವೀ ಸಮಾಜವೊಂದನ್ನು ಕಲ್ಪಿಸಿ ಒಂದು ವಿಡಂಬನೆಯನ್ನು ಬರೆದರು. 'ಮೆರಿಟಾಕ್ರಸಿ' ಎಂಬ ಮಾತು ಜನಬಳಕೆಗೆ ಬಂದುದು ಆ ಪುಸ್ತಕದಿಂದ. ಅವರು ಅದನ್ನು ಬಳಸಿದುದು ಎಚ್ಚರಿಕೆಯ ಮಾತಾಗಿ. ಗೆದ್ದವರು ತಮ್ಮ ಗೆಲುವಿಗೆ ತಾವೇ ಕಾರಣರೆಂದು ಬೀಗುವ, ಸೋತವರು ತಮ್ಮ ಸೋಲಿಗೆ ತಾವೇ ಕಾರಣರೆಂದು ಕುಗ್ಗುವ ಸಮಾಜ ಹಳೆಯ ಶ್ರೀಮಂತರ ಸಮಾಜಕ್ಕಿಂತ ಕ್ರೂರವಾದೀತು ಎಂಬುದು ಅವರ ಅಂಜಿಕೆ. ಲೋಕ ಆ ಮಾತನ್ನು ಎತ್ತಿಕೊಂಡು ಹೊಗಳಿಕೆಯ ಮಾತಾಗಿ ಮಾಡಿಕೊಂಡಿತು. ಅದನ್ನು ಕಂಡು 2001ರಲ್ಲಿ ಆ ವೃದ್ಧ ಲೇಖಕರು ಪತ್ರಿಕೆಯಲ್ಲಿ ತಮ್ಮ ನಿರಾಸೆಯನ್ನು ತೋಡಿಕೊಂಡರು.

ದಕ್ಷಿಣ ಕೊರಿಯ ದೇಶದ ಅನುಭವ ಇನ್ನೂ ವಿಲಕ್ಷಣವಾದುದು. 1964ರ ಡಿಸೆಂಬರಿನಲ್ಲಿ ಸಿಯೋಲ್ ನಗರದ ಮಾಧ್ಯಮಿಕ ಶಾಲೆಗಳ ಪ್ರವೇಶ ಪರೀಕ್ಷೆಯಲ್ಲಿ, ಅಂಟು ಮಿಠಾಯಿ ಮಾಡುವಾಗ ಮೊಳಕೆ ಧಾನ್ಯದ ಬದಲಿಗೆ ಏನನ್ನು ಹಾಕಬಹುದೆಂಬ ಪ್ರಶ್ನೆ ಬಂದಿತು. ಪರೀಕ್ಷಕರ ಉತ್ತರ ಒಂದು ಔಷಧದ್ರವ್ಯ. ಮೂಲಂಗಿಯ ರಸವೂ ಆಗುತ್ತದೆಂದು ಗುರುತು ಹಾಕಿದ ಮಕ್ಕಳಿಗೆ ಅಂಕ ಹೋಯಿತು. ಆ ಒಂದು ಅಂಕದಿಂದ ಹೆಸರಾಂತ ಶಾಲೆಗಳೂ ಕೈತಪ್ಪಿದುವು. ತಾಯಂದಿರು ಸುಮ್ಮನಿರಲಿಲ್ಲ. ಮೂಲಂಗಿಯ ರಸದಿಂದಲೇ ಮಿಠಾಯಿ ಕಾಯಿಸಿ, ಪಾತ್ರೆಯ ಸಮೇತ ಶಿಕ್ಷಣಾಧಿಕಾರಿಗಳ ಮುಂದೆ ತಂದಿಟ್ಟು, ತಿಂದು ನೋಡಿ ಎಂದರು. ನ್ಯಾಯಾಲಯವು 1965ರಲ್ಲಿ ತಾಯಂದಿರ ಪರವಾಗಿ ತೀರ್ಪು ಕೊಟ್ಟಿತು. 38 ಮಕ್ಕಳು ಶಾಲೆ ಸೇರಿದರು. ನಗುವ ಕಥೆಯೆಂದು ತೋರಬಹುದು. ಆದರೆ ಮಕ್ಕಳ ಇಡೀ ಮುಂಬಾಳು ಮೂಲಂಗಿಯ ರಸದ ಮೇಲೆ ನಿಲ್ಲುವಂತಾದುದನ್ನು ಕಂಡು ಆ ದೇಶ ನಕ್ಕು ಬಿಡಲಿಲ್ಲ. 1968ರಲ್ಲಿ ಸರ್ಕಾರವು ಮಾಧ್ಯಮಿಕ ಶಾಲೆಗಳ ಪ್ರವೇಶ ಪರೀಕ್ಷೆಯನ್ನೇ ರದ್ದುಮಾಡುವುದಾಗಿ ಸಾರಿತು. 1969ರಲ್ಲಿ ಸಿಯೋಲಿನ ಮಕ್ಕಳು ಕೈಯಿಂದ ತಿರುಗಿಸುವ ಒಂದು ಪೆಟ್ಟಿಗೆಯನ್ನು ಸುತ್ತಿಸಿ, ಅದರಿಂದ ಉದುರಿದ ಗುಂಡಿನ ಪ್ರಕಾರ ಶಾಲೆಗೆ ಹೋದರು. 1974ರಿಂದ ಸಿಯೋಲ್, ಬೂಸಾನ್ ನಗರಗಳಲ್ಲಿ ಅದರ ಮೇಲಿನ ಪ್ರೌಢಶಾಲೆಗಳಿಗೂ ಹಂಚಿಕೆಯ ಪದ್ಧತಿಯೇ ಬಂದಿತು.

ಅಲ್ಲಿಗೆ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮಾಧ್ಯಮಿಕ ಶಾಲೆಯ ಬಾಗಿಲಲ್ಲಿದ್ದ ನೂಕುನುಗ್ಗಲು ವಿಶ್ವವಿದ್ಯಾನಿಲಯದ ಬಾಗಿಲಿಗೆ ಸರಿಯಿತು. ಖಾಸಗಿ ಪಾಠದ ಉದ್ಯಮ ಅಳಿಯಲಿಲ್ಲ, ಬೆಳೆಯಿತು. ಊರಿನ ಯಾವ ಭಾಗದ ಶಾಲೆಗಳಿಗೆ ಹೆಸರಿತ್ತೋ ಅಲ್ಲಿಯ ಮನೆಗಳ ಬೆಲೆ ಏರಿತು. ನದಿಗೆ ಅಡ್ಡಗಟ್ಟೆ ಹಾಕಿದರೆ ನೀರು ಬತ್ತುವುದಿಲ್ಲ; ಬೇರೆ ದಾರಿಯನ್ನು ಹುಡುಕುತ್ತದೆ. ಆದರೂ ಒಂದು ಲಾಭವಾಯಿತು. ಯಾವ ಮಗು ಯಾವ ಶಾಲೆಗೆ ಹೋದೀತೆಂದು ಮುಂಚಿತವಾಗಿ ತಿಳಿಯದಂತಾದಾಗ, ಎಲ್ಲ ಶಾಲೆಗಳನ್ನೂ ಒಂದು ಮಟ್ಟಕ್ಕೆ ತರುವ ಹೊಣೆ ಸರ್ಕಾರದ ಹೆಗಲ ಮೇಲೆ ಬಂದು ಬಿದ್ದಿತು.

ಸಾಮೀಪ್ಯದ ನ್ಯಾಯವೂ ಮೇಲುನೋಟಕ್ಕೆ ತೋರುವಷ್ಟು ಮುಗ್ಧವಲ್ಲ. ಹತ್ತಿರದ ಮಗುವಿಗೆ ಹತ್ತಿರದ ಶಾಲೆ. ಇದರಲ್ಲಿ ತಪ್ಪೇನು ಎನಿಸುತ್ತದೆ. ಆದರೆ ಒಳ್ಳೆಯ ಶಾಲೆಯ ಹತ್ತಿರ ಮನೆ ಮಾಡಬಲ್ಲವರು ಯಾರು? ಬಾಡಿಗೆ ಕೊಡಬಲ್ಲವರು. ಫೀಜನ್ನು ಶಾಲೆಗೆ ಕಟ್ಟುವ ಬದಲು ಮನೆಯ ಯಜಮಾನನಿಗೆ ಕಟ್ಟಿದಂತಾಯಿತು, ಅಷ್ಟೆ. ಇಂಗ್ಲೆಂಡಿನ ಬ್ರೈಟನ್ ಪಟ್ಟಣದವರು ಇದನ್ನು ಮನಗಂಡು, 2008ರಿಂದ, ಬಯಸುವವರು ಹೆಚ್ಚಾಗಿರುವ ಶಾಲೆಗಳಲ್ಲಿ ಅಡಿಗೋಲು ಹಿಡಿದು ದೂರವನ್ನು ಅಳೆಯುವುದನ್ನು ಬಿಟ್ಟು ಚೀಟಿ ಎತ್ತತೊಡಗಿದರು. ನಮ್ಮಲ್ಲಿ 2019ರಲ್ಲಿ ಸಾಮೀಪ್ಯವೇ ಇನ್ನೊಂದು ರೂಪದಲ್ಲಿ ಬಂದಿತು: ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಬಡ ಮಗುವಿಗೆ ಖಾಸಗಿ ಶಾಲೆಯ ಮೀಸಲು ಸ್ಥಾನವಿಲ್ಲವೆಂದು ನಿಯಮವನ್ನು ತಿದ್ದಲಾಯಿತು. ಅದರ ಹಿಂದಿನ ವರ್ಷ ಲಕ್ಷಕ್ಕೂ ಮೇಲಿದ್ದ ಸ್ಥಾನಗಳು ಸಾವಿರಗಳ ಲೆಕ್ಕಕ್ಕೆ ಇಳಿದುವು; ಉಚ್ಚ ನ್ಯಾಯಾಲಯವೂ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಸರ್ಕಾರದ ಹಣ ಸರ್ಕಾರದ ಶಾಲೆಗೇ ಸಲ್ಲಲಿ ಎಂಬ ವಾದ ಹಗುರವಾದುದಲ್ಲ. ಆದರೆ ಆ ವಾದವನ್ನು ಹೂಡುವವರು ಉಳಿದ ಹಣ ಆ ಶಾಲೆಯ ಯಾವ ಕೊಠಡಿಗೆ, ಯಾವ ಮೇಷ್ಟ್ರ ಸಂಬಳಕ್ಕೆ ಸಂದಿತೆಂಬುದನ್ನೂ ತೋರಿಸಬೇಕು. ಬಾಗಿಲು ಮುಚ್ಚಿದವನಿಗೆ ಅಂಗಳವನ್ನು ಸಾರಿಸುವ ಹೊಣೆಯೂ ಉಂಟು.

ಹಾಗಾದರೆ ಹಂಚಿಕೆಯ ವಿಧಾನವನ್ನು ಸುಧಾರಿಸುವುದೆಲ್ಲ ವ್ಯರ್ಥವೆ? ಹಾಗೂ ಅಲ್ಲ. ನ್ಯೂಯಾರ್ಕ್ ನಗರದ ನಿದರ್ಶನವೊಂದಿದೆ. ಅಲ್ಲಿ ಪ್ರತಿವರ್ಷವೂ ಎಂಬತ್ತು ತೊಂಬತ್ತು ಸಾವಿರ ಮಕ್ಕಳು ಪ್ರೌಢಶಾಲೆಗೆ ಅರ್ಜಿ ಹಾಕುತ್ತಿದ್ದರು. ಸುಮಾರು 30,000 ಮಕ್ಕಳಿಗೆ ತಾವು ಕೇಳಿಯೇ ಇರದ ಶಾಲೆ ಸಿಗುತ್ತಿದ್ದಿತು. ಮೊದಲನೆಯದಾಗಿ ಯಾವುದನ್ನು ಬರೆದರೆ ಗಿಟ್ಟೀತೆಂದು ಲೆಕ್ಕ ಹಾಕಬಲ್ಲ ತಂದೆತಾಯಿಗಳು ಗೆದ್ದರು. ಮನಸ್ಸಿನಲ್ಲಿದ್ದುದನ್ನೇ ಬರೆದ ಸರಳರು ಸೋತರು. ಡೇವಿಡ್ ಗೇಲ್, ಲಾಯ್ಡ್ ಶಾಪ್ಲಿ ಎಂಬ ಇಬ್ಬರು ಗಣಿತಜ್ಞರು 1962ರಲ್ಲಿ ಬರೆದಿದ್ದ ಒಂದು ಸಣ್ಣ ಪ್ರಬಂಧದ ಯುಕ್ತಿಯನ್ನು ಆಲ್ವಿನ್ ರಾತ್ ಮತ್ತು ಅವರ ಸಂಗಡಿಗರು 2003ರಲ್ಲಿ ಅಲ್ಲಿ ಬಳಕೆಗೆ ತಂದರು. ಯುಕ್ತಿ ಇಷ್ಟೆ: ಯಾವ ಶಾಲೆಯೂ ಮೊದಲು ಬಂದವರಿಗೆ ಸ್ಥಾನವನ್ನು ಕೂಡಲೇ ಖಾಯಂ ಮಾಡಕೂಡದು, ತಾತ್ಕಾಲಿಕವಾಗಿ ಹಿಡಿದಿಟ್ಟುಕೊಂಡಿರಬೇಕು. ಒಂದು ಕಡೆ ಸಿಗದ ಮಗು ತನ್ನ ಎರಡನೆಯ ಶಾಲೆಯನ್ನು ಕೇಳುವಾಗ, ಅದನ್ನೇ ಮೊದಲನೆಯದಾಗಿ ಬರೆದವರ ಸಮಕ್ಕೆ ನಿಲ್ಲುತ್ತದೆ. ಎಲ್ಲರ ಸರದಿಯೂ ಮುಗಿದ ಮೇಲೆ ಮಾತ್ರ ಪಟ್ಟಿ ಖಾಯಂ. ಹೀಗಾದಾಗ ನಿಜವನ್ನು ಬರೆದವರಿಗೆ ನಷ್ಟವಿಲ್ಲ. ಮೊದಲ ವರ್ಷವೇ ಆ 30,000 ಸುಮಾರು 3,000ಕ್ಕೆ ಇಳಿಯಿತು. ಶಾಪ್ಲಿ, ರಾತ್ ಇಬ್ಬರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಒಳ್ಳೆಯ ಶಾಲೆಗಳ ಸಂಖ್ಯೆ ಇದರಿಂದ ಒಂದೂ ಹೆಚ್ಚಲಿಲ್ಲ, ನಿಜ. ಆದರೆ ಸತ್ಯ ಹೇಳಿದವನನ್ನು ದಂಡಿಸದ ನಿಯಮವನ್ನು ಮನುಷ್ಯರು ರಚಿಸಬಲ್ಲರೆಂಬುದು ಸಿದ್ಧವಾಯಿತು.

ಇಷ್ಟನ್ನು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಹತ್ತು ವರ್ಷದ ಮಕ್ಕಳಿಗೆ ಪರೀಕ್ಷೆ ಬೇಕೇ ಬೇಕೆಂದಾದರೆ ಅದು ಹೊಸ್ತಿಲಾಗಿರಲಿ, ಏಣಿಯಾಗುವುದು ಬೇಡ. ಆರನೆಯ ತರಗತಿಯ ಪಾಠವನ್ನು ಅನುಸರಿಸಲು ಬೇಕಾದಷ್ಟು ಓದು, ಬರಹ, ಲೆಕ್ಕ ಬರುತ್ತದೆಯೇ ಎಂದು ನೋಡಲಿ. ಆ ಹೊಸ್ತಿಲನ್ನು ದಾಟಿದ ಎಲ್ಲರ ಹೆಸರುಗಳನ್ನೂ, ಈಗಿರುವ ಮೀಸಲಾತಿಯ ವರ್ಗಗಳಿಗೆ ಅನುಸಾರವಾಗಿ, ಗಡಿಗೆಯಲ್ಲಿ ಹಾಕಿ, ಎಲ್ಲರ ಕಣ್ಣೆದುರಿಗೆ ಚೀಟಿ ಎತ್ತಲಿ. ಅಪೂರ್ವವಾದ ಬುದ್ಧಿಯುಳ್ಳ ಬಡ ಮಗು ಕೈತಪ್ಪಿ ಹೋದೀತೆಂಬ ಅಂಜಿಕೆಯಿದ್ದರೆ, ಎದ್ದು ಕಾಣುವಂತೆ ಮೇಲಿರುವ ಕೆಲವರಿಗೆ ಕೆಲವು ಸ್ಥಾನಗಳನ್ನು ಮುಂಚೆಯೇ ತೆಗೆದಿಡಲಿ. ಒಂದೂಕಾಲು ಅಂಕದ ಅಂತರದಲ್ಲಿ ಸಾಲಾಗಿ ನಿಂತ ನೂರಾರು ಮಕ್ಕಳಲ್ಲಿ ಒಬ್ಬನನ್ನು ಪ್ರತಿಭಾವಂತನೆಂದೂ ಅವನ ಹಿಂದಿನವನನ್ನು ಅಲ್ಲವೆಂದೂ ಸಾರುವುದನ್ನು ಮಾತ್ರ ಬಿಡಲಿ. ಒಂದೇ ಸಲ ಎಂಬ ನಿಯಮವನ್ನೂ ಸಡಿಲಿಸಲಿ. ಒಂಬತ್ತನೆಯ ತರಗತಿಯಲ್ಲಿ ತೆರವಾದ ಸ್ಥಾನಗಳಿಗೆ ನವೋದಯದಲ್ಲಿ ಈಗಲೂ ಒಂದು ಕಿರುಬಾಗಿಲಿದೆ. ತೆರವಾದಷ್ಟೇ ಎನ್ನದೆ, ತಡವಾಗಿ ಚಿಗುರುವವರಿಗೆಂದೇ ಅದನ್ನು ಅಗಲ ಮಾಡಲಿ.

ವಿದ್ಯೆಯನ್ನು ಜೂಜಿಗೆ ಇಳಿಸಿದೆಯಲ್ಲ ಎಂದು ನನ್ನ ಸಹೋದ್ಯೋಗಿಗಳೇ ಆಕ್ಷೇಪಿಸಬಹುದು. ಚೀಟಿ ಎತ್ತುವುದು ನಮ್ಮ ಪರಂಪರೆಗೆ ಹೊಸದೂ ಅಲ್ಲ, ಅಗೌರವದ್ದೂ ಅಲ್ಲ. ತಮಿಳುನಾಡಿನ ಉತ್ತರಮೇರೂರಿನ ದೇವಾಲಯದ ಗೋಡೆಯ ಮೇಲೆ ಹತ್ತನೆಯ ಶತಮಾನದ ಚೋಳ ಶಾಸನವೊಂದಿದೆ. ಊರಿನ ಸಮಿತಿಗಳಿಗೆ ಸದಸ್ಯರನ್ನು ಆರಿಸುವಾಗ, ಅರ್ಹರಾದವರ ಹೆಸರುಗಳನ್ನು ಓಲೆಯಲ್ಲಿ ಬರೆದು, ಕೊಡದಲ್ಲಿ ಹಾಕಿ, ಕಪಟವರಿಯದ ಚಿಕ್ಕ ಹುಡುಗನೊಬ್ಬನ ಕೈಯಿಂದ ಎತ್ತಿಸಬೇಕೆಂದು ಅದು ವಿಧಿಸುತ್ತದೆ. ವಯಸ್ಸು, ಆಸ್ತಿ, ಓದು, ನಡತೆ ಇವುಗಳ ಹೊಸ್ತಿಲು ಮೊದಲು, ಆಮೇಲೆ ಚೀಟಿ. ಆ ಹೊಸ್ತಿಲು ಅಂದಿನ ಕಾಲದ್ದು, ಇಂದಿಗೆ ಸಲ್ಲದು. ಆದರೆ ಅರ್ಹರೆಂದು ಒಪ್ಪಿದವರ ನಡುವೆ ಮತ್ತೆ ಮೇಲುಕೀಳನ್ನು ಕಲ್ಪಿಸುವುದು ಮನುಷ್ಯನಿಂದ ಆಗದ ಕೆಲಸ ಎಂಬ ವಿನಯ ಅದರಲ್ಲಿದೆ. ನನಗೆ ಬೇಕಾದುದು ಆ ವಿನಯ.

ನನ್ನ ಸಲಹೆಯಂತೆ ನಡೆದಿದ್ದರೆ ಆ ವರ್ಷ ನನ್ನ ಚೀಟಿ ಬರದೆ ಹೋಗಬಹುದಾಗಿತ್ತು. ನಾನು ಊರಿನಲ್ಲಿಯೇ ಉಳಿದು, ಗೆಳೆಯನು ಈ ಲೇಖನವನ್ನು ಬರೆಯಬಹುದಾಗಿತ್ತು. ಅದನ್ನು ಬಲ್ಲೆ. ಏಣಿಯನ್ನು ಹತ್ತಿಯಾದ ಮೇಲೆ ಅದನ್ನು ಬೈಯುವವನ ಮಾತಿಗೆ ಬೆಲೆ ಕಡಮೆ ಎಂಬುದನ್ನೂ ಬಲ್ಲೆ. ಆದರೆ ಆ ಭಾನುವಾರ ಗೇಟಿನ ಹೊರಗೆ ಕೇಳಿದ ಒಂದು ಮಾತು ನನ್ನನ್ನು ಸುಮ್ಮನಿರಗೊಡಲಿಲ್ಲ. ನಾವು ಹೊಂಗೆಯ ಮರದ ಕೆಳಗೆ ಕುಳಿತಿದ್ದೆವು. ಹಳೆಯ ಪರೀಕ್ಷೆಯ ಮಾತು ಬಂದಿತು. ಗೆಳೆಯನು ಬೇಸರವಿಲ್ಲದೆ, ಬೇರೆ ಯಾರ ವಿಷಯವನ್ನೋ ಹೇಳುವವನಂತೆ ಹೇಳಿದ: “ನಂಗೆ ಸಿಗಲಿಲ್ಲ ಅಂದಾಗ ನಮ್ಮಪ್ಪ, ನಿನ್ನ ತಲೆ ಅಷ್ಟೇ ಬಿಡು ಮಗ, ಅಂದ ಕಣೋ. ಬೈದಿದ್ದಲ್ಲ, ಸಮಾಧಾನಕ್ಕೆ ಅಂದಿದ್ದು. ನಾನು ಅದನ್ನೇ ನಂಬ್ಕೊಂಡುಬಿಟ್ಟೆ. ಆಮೇಲೆ ಇಂಗ್ಲಿಷು ಅರ್ಥ ಆಗದೆ ಇದ್ದಾಗೆಲ್ಲ, ನನ್ನ ತಲೆ ಅಷ್ಟೆ ಅಲ್ವಾ ಅನ್ಕೊಂಡು ಪುಸ್ತಕ ಮುಚ್ಚಿಬಿಡ್ತಿದ್ದೆ.”

ಪರೀಕ್ಷೆ ಕಿತ್ತುಕೊಂಡುದು ಒಂದು ಸ್ಥಾನವನ್ನು ಮಾತ್ರವಲ್ಲ. ಚೀಟಿ ಬರದವನಿಗೆ ಸ್ಥಾನ ಹೋಗುತ್ತದೆ, ತನ್ನ ಮೇಲಿನ ನಂಬಿಕೆ ಹೋಗುವುದಿಲ್ಲ. “ನಿನ್ನ ಚೀಟಿ ಬರಲಿಲ್ಲ ಮಗ” ಎಂದು ಆ ತಂದೆ ಹೇಳಿದ್ದರೆ, ಆ ಹುಡುಗ ಒಂದು ದಿನ ಅತ್ತು, ಮರುದಿನ ಪುಸ್ತಕವನ್ನು ತೆರೆಯುತ್ತಿದ್ದನೇನೊ. ಇನ್ನು, ಚೀಟಿಯಿಂದ ಒಳಗೆ ಹೋದವನೂ ತಾನು ಬೇರೆಯವರಿಗಿಂತ ಮೇಲಿನ ಮಣ್ಣಿನಿಂದ ಆದವನೆಂದು ತಿಳಿಯುವುದಿಲ್ಲ. ಹೊರಗುಳಿದವರ ಋಣ ಅವನ ನೆನಪಿನಲ್ಲಿ ಉಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಪರೀಕ್ಷೆಯ ಪಟ್ಟಿ ಪ್ರಕಟವಾದಾಗ ಸಮಾಜಕ್ಕೆ ಒಂದು ನೆಮ್ಮದಿ ಬರುತ್ತದೆ: ಯೋಗ್ಯರಿಗೆ ಸಿಕ್ಕಿತು, ಕೆಲಸ ಮುಗಿಯಿತು. ಚೀಟಿಯ ಪಟ್ಟಿ ಆ ನೆಮ್ಮದಿಯನ್ನು ಕೊಡಲಾರದು. ಯೋಗ್ಯರೇ ಆದ ಇಷ್ಟು ಮಕ್ಕಳು ಹೊರಗೆ ಉಳಿದರಲ್ಲ, ಅವರು ಹೋಗುವ ಶಾಲೆ ಹೇಗಿದೆ ಎಂಬ ಪ್ರಶ್ನೆ ಆಗ ಬೆನ್ನು ಹತ್ತುತ್ತದೆ. ಆ ಪ್ರಶ್ನೆ ನಮ್ಮ ಬೆನ್ನು ಹತ್ತಲೇಬೇಕು. ಊರಿನ ಶಾಲೆಗೆ ಇಂಗ್ಲಿಷಿನ ಒಬ್ಬ ಒಳ್ಳೆಯ ಮೇಷ್ಟ್ರನ್ನು ಕಳುಹಿಸಿದ್ದರೆ ಗೆಳೆಯನಿಗೆ ವಸತಿ ಶಾಲೆ ಸಿಗದಿದ್ದುದು ಅಷ್ಟು ದೊಡ್ಡ ಸಂಗತಿಯಾಗುತ್ತಿರಲಿಲ್ಲ. ಹಂಚಿಕೆಯ ನ್ಯಾಯವೆಲ್ಲ ಕೊರತೆಯ ನ್ಯಾಯ; ಕೊರತೆಯೇ ನೀಗಿದರೆ ಪರೀಕ್ಷೆಯೂ ಬೇಡ, ಗಡಿಗೆಯೂ ಬೇಡ.

ಗಂಟೆ ಬಾರಿಸಿತು. ಗೇಟು ತೆರೆಯಿತು. ಮಕ್ಕಳು ಹೊರಗೆ ಬಂದರು. ಕೆಲವರು ಓಡುತ್ತ, ಕೆಲವರು ತಲೆ ತಗ್ಗಿಸಿಕೊಂಡು. ತಂದೆತಾಯಿಗಳು ಮುಗಿಬಿದ್ದು ಕೇಳುತ್ತಿದ್ದರು, ಎಷ್ಟು ಬರೆದೆ, ಎಷ್ಟು ಬಿಟ್ಟೆ ಎಂದು. ಗೆಳೆಯನ ಮಗಳೂ ಬಂದಳು. ಕೊನೆಯ ಆರು ಪ್ರಶ್ನೆಗಳಿಗೆ ಹೊತ್ತು ಸಾಲಲಿಲ್ಲವೆಂದು ನನ್ನ ಮುಖವನ್ನು ನೋಡಿ ಹೇಳಿದಳು. ಅವನು ಏನನ್ನೂ ಕೇಳಲಿಲ್ಲ. ಅವಳ ಕೈಯಿಂದ ರಟ್ಟನ್ನು ತೆಗೆದುಕೊಂಡು, ಎಳನೀರಿನ ಗಾಡಿಯ ಹತ್ತಿರ ಕರೆದುಕೊಂಡು ಹೋದ.